ಜಾಮೀನುದಾರರಿಗೆ ನೋಟೀಸು

ಪರಊರಿನಲ್ಲಿ ಬದುಕುವವರಿಗೆ ಒಂದು ಸವಲತ್ತಿದೆ, ಅದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಊರಿಗೆ ಏನನ್ನು ತಿಳಿಸಬೇಕು, ಏನನ್ನು ಬಿಡಬೇಕು ಎಂದು ನಾವೇ ತೀರ್ಮಾನಿಸಬಹುದು. ಇನ್‌ಲ್ಯಾಂಡ್ ಲೆಟರಿನ ಕಾಲದಲ್ಲಿ ಜ್ವರ, ಕೈಸಾಲ, ಆಫೀಸಿನ ಕಿರಿಕಿರಿ ಎಲ್ಲವೂ "ಇಲ್ಲಿ ನಾವು ಕ್ಷೇಮ" ಎಂಬ ಒಂದು ಸಾಲಿನ ಕೆಳಗೆ ಮುಚ್ಚಿಹೋಗುತ್ತಿದ್ದವು. ಈಗ ವಿಡಿಯೋ ಕಾಲ್ ಬಂದಿದೆ. ಆದರೂ ಕ್ಯಾಮೆರಾ ಎತ್ತ ತಿರುಗಿಸಬೇಕು ಅನ್ನೋದು ಮಕ್ಕಳ ಕೈಯಲ್ಲೇ ಇದೆ. ಈ ಸವಲತ್ತಿಗೆ ಒಂದು ಎಲ್ಲೆ ಇದೆಯೇ ಎಂದು ನಾನು ಯೋಚಿಸುವಂತಾದದ್ದು ಹಿಮದ ಬೆಟ್ಟದ ದೆಸೆಯಿಂದ.

ನನ್ನ ತಂಗಿಯ ಮಗ ಗುರುಗ್ರಾಮದಲ್ಲಿ ಕೆಲಸದಲ್ಲಿದ್ದಾನೆ, ಅಪ್ಪ ಅಮ್ಮ ಸಾಗರದಲ್ಲಿದ್ದಾರೆ. ದೆಹಲಿಯಲ್ಲಿ ನೆಲೆಸಿದ ಸೋದರಮಾವನಾದ ನಾನೇ ಅವನಿಗೆ ಇಲ್ಲಿ ಹಿರಿಯ. ಮೂರು ಚಳಿಗಾಲ ಗುಲ್ಮಾರ್ಗಕ್ಕೆ ಹೋಗಿ ಸ್ನೋಬೋರ್ಡಿಂಗ್ ಕಲಿತಿದ್ದಾನೆ. ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಇಳಿಜಾರಿನಲ್ಲಿ ಜಾರುವ ಆಟ ಅದು. 1998ರ ನಾಗಾನೊ ಒಲಿಂಪಿಕ್ಸಿನಿಂದ ಅದಕ್ಕೆ ಪದಕವೂ ಉಂಟು. ಇಷ್ಟು ದಿನ ಕೇಬಲ್ ಕಾರಿನಲ್ಲಿ ಹತ್ತಿ ಜಾರುತ್ತಿದ್ದವನಿಗೆ ಈಗ ಹೆಲಿಕಾಪ್ಟರ್ ಬೇಕಾಗಿದೆ. ಯಾರೂ ತುಳಿಯದ ಶಿಖರದ ಮೇಲೆ ಅದು ಇಳಿಸಿ ಹೋಗುತ್ತದೆ, ಗೈಡಿನ ಹಿಂದೆ ಜಾರಿ ಕೆಳಗೆ ಬರಬೇಕು. ಆಸ್ಟ್ರಿಯದಲ್ಲಿ ಹುಟ್ಟಿದ ಹಾನ್ಸ್ ಗ್ಮೋಸರ್ ಎಂಬಾತ 1965ರಲ್ಲಿ ಕೆನಡಾದ ಬುಗಾಬೂ ಬೆಟ್ಟಗಳಲ್ಲಿ ಶುರುಮಾಡಿದ ವ್ಯವಹಾರ ಇದು. ನಮ್ಮಲ್ಲಿ ಮನಾಲಿಯ ಸುತ್ತಮುತ್ತ, ಗುಲ್ಮಾರ್ಗದ ಕಡೆ ನಡೆದಿದೆ. ಫ್ರಾನ್ಸಿನವರು ಮೋಜಿಗಾಗಿ ಹೀಗೆ ಬೆಟ್ಟದ ಮೇಲೆ ಜನರನ್ನು ಇಳಿಸುವುದನ್ನು 1985ರ ಕಾಯಿದೆಯಲ್ಲೇ ನಿಲ್ಲಿಸಿದರು. ಬೆಟ್ಟದ ಮೌನಕ್ಕೂ ಒಂದು ಹಕ್ಕು ಇದೆಯೆಂಬುದು ಬೇರೆಯೇ ಚರ್ಚೆ, ಇಲ್ಲಿ ಬೇಡ.

ಪ್ಲಾನೆಲ್ಲ ವಿವರಿಸಿ ಕೊನೆಗೆ ಹೇಳಿದ: "ಮಾವ, ಫಾರ್ಮಲ್ಲಿ ಎಮರ್ಜೆನ್ಸಿ ಕಾಂಟ್ಯಾಕ್ಟ್ ಅಂತ ನಿಮ್ಮ ಹೆಸರು ಹಾಕ್ತೀನಿ. ಅಮ್ಮಂಗೆ ಗುಲ್ಮಾರ್ಗ ಅಂತಷ್ಟೇ ಹೇಳಿದೀನಿ, ಹೆಲಿಕಾಪ್ಟರ್ ವಿಷ್ಯ ಬೇಡ."

ಬೇಜವಾಬ್ದಾರಿ ಹುಡುಗ ಅಂತ ಅವನನ್ನು ತಳ್ಳಿಹಾಕುವಂತಿಲ್ಲ. ಅವನ ತಯಾರಿ ನೋಡಿ ನಾನೇ ಬೆರಗಾದೆ. ಹಿಮಕುಸಿತ ಹೆಚ್ಚಾಗಿ ಆಗುವುದು ಮೂವತ್ತರಿಂದ ನಲವತ್ತೈದು ಡಿಗ್ರಿಯ ಇಳಿಜಾರಿನಲ್ಲಂತೆ, ಜಾರುವುದಕ್ಕೆ ಸೊಗಸಾದದ್ದೂ ಅದೇ ಇಳಿಜಾರು. ಹಳೆಯ ಹಿಮದ ಒಂದು ಪದರ ಸಕ್ಕರೆ ಹರಳಿನಂತೆ ಸಡಿಲವಾಗಿರುತ್ತದೆ, ಮೇಲೆ ಹೊಸ ಹಿಮ ಚಪ್ಪಡಿಯಂತೆ ಕೂತಿರುತ್ತದೆ, ಒಬ್ಬನ ಭಾರ ಬಿದ್ದರೆ ಸಾಕು. ಹಾಗಾಗಿ ಸಿಕ್ಕಿಬಿದ್ದವರಲ್ಲಿ ಬಹುಪಾಲು ಜನ ತಾವೋ ಜೊತೆಯವರೋ ಬೀಳಿಸಿದ ಹಿಮದಲ್ಲೇ ಹೂತುಹೋಗುತ್ತಾರೆ. ಕಾಲು ಗಂಟೆಯೊಳಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ, ಅರ್ಧ ಗಂಟೆ ದಾಟಿದರೆ ಆಸೆ ಬಹಳ ಕಡಿಮೆ. ಆ ಹೊತ್ತಿಗೆ ಹೊರಗಿನಿಂದ ಯಾರೂ ಬರಲಾರರು. ಆದ್ದರಿಂದ ಪ್ರತಿಯೊಬ್ಬನ ಎದೆಯ ಮೇಲೆ 457 ಕಿಲೋಹರ್ಟ್ಸಿನಲ್ಲಿ ರೇಡಿಯೊ ಸಂಕೇತ ಕಳಿಸುವ ಯಂತ್ರ, ಬೆನ್ನಚೀಲದಲ್ಲಿ ಸಲಿಕೆ, ಚುಚ್ಚಿ ಹುಡುಕುವ ಉದ್ದನೆಯ ಕೋಲು. ಆ ಯಂತ್ರವನ್ನು ಗೆಳೆಯರು ಪಾರ್ಕಿನಲ್ಲಿ ಬಚ್ಚಿಟ್ಟು, ಇವನು ಹುಡುಕಿ, ಅಭ್ಯಾಸ ನಡೆದಿದೆ. ಅವನು ಬದುಕುವುದು ಅವನ ಅಭ್ಯಾಸದಿಂದಲ್ಲ, ಪಕ್ಕದವನ ಅಭ್ಯಾಸದಿಂದ. ನನಗೆ ಇದು ತುಂಬಾ ಹಿಡಿಸಿತು.

ಇಷ್ಟೆಲ್ಲ ಇದ್ದರೂ ಬೆಟ್ಟ ಯಾರ ಮಾತೂ ಕೇಳುವುದಿಲ್ಲ. 2010ರ ಫೆಬ್ರವರಿಯಲ್ಲಿ ಗುಲ್ಮಾರ್ಗದ ಮೇಲೆ ತರಬೇತಿಯಲ್ಲಿದ್ದ ಸೈನಿಕರೇ ಹಿಮಕುಸಿತಕ್ಕೆ ಬಲಿಯಾದರು. 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ರಷ್ಯದ ಒಬ್ಬ ಅದೇ ಬೆಟ್ಟದಲ್ಲಿ ಸತ್ತರು. ಇದನ್ನು ಹೇಳಿದಾಗ ಅವನ ಉತ್ತರ ಸಿದ್ಧವಾಗಿತ್ತು: "ದಿನಾ ಹೈವೇಲಿ ಬೈಕ್ ಓಡಿಸ್ತೀನಲ್ಲ ಮಾವ, ಅದಕ್ಕೆ ಯಾರೂ ಹೆದರಲ್ಲ." ನಮ್ಮ ದೇಶದ ರಸ್ತೆಗಳಲ್ಲಿ 2022ರಲ್ಲಿ ಸತ್ತವರು 1,68,000ಕ್ಕೂ ಹೆಚ್ಚು. ಮಾತಿನಲ್ಲಿ ಅರ್ಧ ಸತ್ಯವಿದೆ, ಪರಿಚಯದ ಅಪಾಯ ನಮಗೆ ಅಪಾಯದ ಹಾಗೆ ಕಾಣುವುದಿಲ್ಲ. ಆದರೆ ಅವನು ಬೈಕ್ ಓಡಿಸುವುದು ಅಮ್ಮನಿಗೆ ಗೊತ್ತು. ರಾತ್ರಿ ಒಂಬತ್ತಾದರೂ ಫೋನ್ ಬರದಿದ್ದರೆ ಯಾಕೆ ಅಂತ ಅವಳು ಯೋಚಿಸಬಲ್ಲಳು. ಆ ಭಯವನ್ನು ಅವಳು ತಿಳಿದೇ ಹೊತ್ತಿದ್ದಾಳೆ.

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಸಾಲದ ಕಾಗದಗಳ ನಡುವೆ ಕಳೆದವನಿಗೆ ಇಲ್ಲಿ ಜಾಮೀನಿನ ಕಾನೂನು ನೆನಪಾಗದೆ ಇರುವುದಿಲ್ಲ. 1872ರ ಕರಾರು ಕಾಯಿದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. 133ನೇ ಕಲಮು ಅದಕ್ಕಿಂತ ಸೂಕ್ಷ್ಮ. ಜಾಮೀನುದಾರನ ಒಪ್ಪಿಗೆಯಿಲ್ಲದೆ ಸಾಲಗಾರನೂ ಬ್ಯಾಂಕೂ ಷರತ್ತು ಬದಲಿಸಿಕೊಂಡರೆ, ಮುಂದಿನ ವ್ಯವಹಾರಕ್ಕೆ ಜಾಮೀನುದಾರ ಬಿಡುಗಡೆ. ಮಕ್ಕಳ ಜೀವಕ್ಕೆ ತಾಯಿತಂದೆಯರು ಹುಟ್ಟಿದ ದಿನವೇ ಜಾಮೀನು ನಿಂತಿರುತ್ತಾರೆ. ಅವರಿಗೆ 128 ಪೂರಾ ಅನ್ವಯಿಸುತ್ತದೆ, 133 ಮಾತ್ರ ಇಲ್ಲ. ಅವರಿಗೆ ಹೇಳದೆ ಷರತ್ತು ಬದಲಿಸಿದರೂ ಬಾಕಿ ವಸೂಲಾಗುವುದು ಅವರಿಂದಲೇ.

ಹಾಗಾದರೆ ಒಪ್ಪಿಗೆ ಕೇಳಬೇಕೇ? ಇಲ್ಲಿ ನಾನು ಹುಡುಗನ ಪರ. ಇಪ್ಪತ್ತೊಂಬತ್ತು ವರ್ಷದವನ ಮೇಲೆ ವೀಟೋ ಯಾರಿಗೂ ಇರಬಾರದು. ಎಲ್ಲ ಅಮ್ಮಂದಿರ ಅನುಮತಿ ಕಾದಿದ್ದರೆ ಸಾಗರದಿಂದ ಯಾರೂ ಹೊರಡುತ್ತಿರಲಿಲ್ಲ, ನಾನೂ ಹೊರಡುತ್ತಿರಲಿಲ್ಲ. ಜಾನ್ ಸ್ಟೂಅರ್ಟ್ ಮಿಲ್ 1859ರ ತನ್ನ ಪುಸ್ತಕದಲ್ಲಿ ಒಂದು ಸೇತುವೆಯ ಉದಾಹರಣೆ ಕೊಡುತ್ತಾನೆ. ಸೇತುವೆ ಮುರಿದಿರುವುದು ತಿಳಿಯದೆ ಒಬ್ಬ ಅದರತ್ತ ಹೋಗುತ್ತಿದ್ದರೆ, ಹೇಳಲು ಸಮಯವಿಲ್ಲದಾಗ ಹಿಡಿದು ನಿಲ್ಲಿಸಬಹುದು. ಆದರೆ ಅಪಾಯ ಖಚಿತವಲ್ಲ, ಬರೀ ಸಾಧ್ಯತೆ ಎಂದಿದ್ದರೆ ಎಚ್ಚರಿಸಿ ಬಿಟ್ಟುಬಿಡಬೇಕು, ಆಮೇಲೆ ಅವನಿಷ್ಟ. ಅದೇ ಪುಸ್ತಕದಲ್ಲಿ ಇನ್ನೊಂದು ಮಾತೂ ಇದೆ: ನನ್ನ ಮೇಲೆ ನಿರ್ದಿಷ್ಟ ಹಕ್ಕಿರುವವರಿಗೆ ನನ್ನ ನಡೆಯಿಂದ ಬಾಧಕವಾದರೆ ಅದು ಕೇವಲ ನನ್ನ ಸ್ವಂತ ವಿಷಯವಾಗಿ ಉಳಿಯುವುದಿಲ್ಲ. ಎರಡನ್ನೂ ಕೂಡಿಸಿದರೆ ನನಗೆ ಕಾಣುವುದು ಇಷ್ಟು. ತಂಗಿಗೆ ತಡೆಯುವ ಹಕ್ಕಿಲ್ಲ, ತಿಳಿಯುವ ಹಕ್ಕಿದೆ. ನೋಟೀಸು ಬೇರೆ, ಅನುಮತಿ ಬೇರೆ.

"ಅವಳು ನಿದ್ದೆ ಮಾಡಲ್ಲ ಮಾವ, ಅದಕ್ಕೇ ಹೇಳಲ್ಲ" ಎಂದ. ಇದು ಕರುಣೆಯ ಮಾತು, ಸುಳ್ಳಲ್ಲ. ಆದರೆ ಅದರೊಳಗೆ ತನ್ನ ಅನುಕೂಲವೂ ಸ್ವಲ್ಪ ಬೆರೆತಿದೆ: ಅವಳು ಅತ್ತರೆ ತನಗೆ ಹೋಗಲು ಕಷ್ಟ. ಅವನು ಸಾಗರದಲ್ಲೇ ಇದ್ದಿದ್ದರೆ ಆ ಹಲಗೆ, ಹೆಲ್ಮೆಟ್ಟು ನಡುಮನೆಯಲ್ಲೇ ಬಿದ್ದಿರುತ್ತಿದ್ದವು, ಮುಚ್ಚಿಡುವ ಮಾತೇ ಬರುತ್ತಿರಲಿಲ್ಲ. ಎರಡು ಸಾವಿರ ಕಿಲೋಮೀಟರ್ ದೂರ ಇದೆ ಅಂತ ಮುಚ್ಚಿಡುವುದು ಸುಲಭವಾಗಿದೆ. ಸುಲಭವಾಗಿದೆ ಎಂದಾಕ್ಷಣ ಅದು ನ್ಯಾಯವಾಗುತ್ತದೆಯೇ?

ಫಾರ್ಮಿನಲ್ಲಿ ನನ್ನ ಹೆಸರು ಎರಡನೆಯದಾಗಿ ಇರಲಿ, ಮೊದಲ ಹೆಸರು ಅಮ್ಮನದೋ ಅಪ್ಪನದೋ ಆಗಬೇಕು, ಹೇಳಬೇಕಾದವನು ನೀನೇ, ನಾನಲ್ಲ ಅಂದೆ. ಹದಿನೈದು ದಿನ ಅವನಿಂದ ಫೋನಿರಲಿಲ್ಲ. ಕೊನೆಗೆ ತಂಗಿಯ ಫೋನೇ ಬಂತು. ಭಾವನವರು ಸಿಟ್ಟಾಗಿ ಮಾತು ಬಿಟ್ಟಿದ್ದಾರಂತೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಎದೆಯ ಮೇಲಿನ ಯಂತ್ರದ ಬ್ಯಾಟರಿ ಎಷ್ಟು ದಿನ ಬರತ್ತೆ, ಜೊತೆಗಿರೋ ಹುಡುಗರು ಅದನ್ನು ಸರಿಯಾಗಿ ಕಲಿತಿದ್ದಾರಾ ಅಂತ ಕೇಳಿದಳು. ಕೇಳಿ ಹೇಳ್ತೀನಿ ಅಂದೆ. ಮಾರನೆಯ ದಿನ ಅವನಿಗೆ ಫೋನ್ ಮಾಡಿ ಕೇಳಿದೆ: ನಾಲ್ವರಲ್ಲಿ ಒಬ್ಬ ಇನ್ನೂ ಕಲಿತಿಲ್ಲವಂತೆ.