ತುಂಬೆಯ ಗಿಡವೂ ವ್ರತಿಯ ವಿವೇಕವೂ

ಹೊಲದ ಬದುಗಳಲ್ಲಿ ತಾನಾಗಿ ಬೆಳೆಯುವ ತುಂಬೆಯನ್ನು ಸಂಸ್ಕೃತದಲ್ಲಿ ದ್ರೋಣಪುಷ್ಪಿಯೆನ್ನುವರು. ಶೀತ, ಕೆಮ್ಮುಗಳಿಗೆ ಇದರ ಎಲೆಯ ರಸವನ್ನು ಜೇನಿನೊಡನೆ ಕೊಡುವುದು ಹಳೆಯ ರೂಢಿ. ಹಾವಿನ ವಿಷವನ್ನೂ ಇದು ಇಳಿಸುವುದೆಂಬ ಜನಪದ ನಂಬಿಕೆಯುಂಟು. ಆದರೆ ಹಾವು ಕಚ್ಚಿದವನನ್ನು ಒಡನೆ ಆಸ್ಪತ್ರೆಗೆ ಒಯ್ಯುವುದೇ ಜೀವದಯೆ.

ಮಧುತ್ಯಾಗವು ಶ್ರಾವಕನ ಮೂಲಗುಣಗಳಲ್ಲೊಂದು. 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ದಲ್ಲಿ ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿಯೇ ಚಿಕಿತ್ಸೆಯನ್ನು ನಿರೂಪಿಸಿದರು. ಆದುದರಿಂದ ವ್ರತಿಯು ಜೇನಿಗೆ ಬದಲಾಗಿ ಬೆಲ್ಲವನ್ನು ಬಳಸಲಿ. ಎಲೆ ಕೀಳುವ ಮುನ್ನ ಹೂವಿನಲ್ಲಿ ಇರುವೆಗಳಿವೆಯೇ ಎಂದು ನೋಡಲಿ.

ಉಪವಾಸದ ದಿನ ಈ ರಸವೂ ಪೇಯಾಹಾರವೇ. ಔಷಧದ ನೆಪದಿಂದ ಕುಡಿದು ಉಪವಾಸವೆನ್ನುವುದು ಮಾಯಾಚಾರ. ರೋಗಿಯು ಏಕಾಶನವನ್ನೇ ಕೈಗೊಂಡು, ಆ ಒಂದು ಊಟದ ವೇಳೆಯಲ್ಲಿ ಔಷಧವನ್ನು ಸೇವಿಸಲಿ. ಶಕ್ತಿಯನ್ನು ಮರೆಮಾಚದೆ, ಶಕ್ತಿಯನ್ನು ಮೀರದೆ ನಡೆಯುವುದೇ ಷೋಡಶಕಾರಣ ಭಾವನೆಗಳಲ್ಲಿ ಹೇಳಿದ ‘ಶಕ್ತಿತಸ್ತಪ’.