ಹಳೆಯ ಬಂಡಿಯನ್ನು ಬಿಚ್ಚುವವನ ವಿಷಯವಾಗಿ

ಕಸುಬು ಕಲಿಯದವನೊಬ್ಬನು ತನ್ನ ತಂದೆಯ ಕಾಲದ ಎತ್ತಿನ ಬಂಡಿಯನ್ನು ತಿರಿಗಿ ನೆಟ್ಟಗೆ ಮಾಡಬೇಕೆಂದು ತಾನೇ ಬಿಚ್ಚಬಹುದೋ? ಈ ಪ್ರಶ್ನೆಯು ವಾಚಕರಿಗೆ ಅಲ್ಪವೆಂದು ತೋರೀತು. ನಮಗಾದರೋ ಹಾಗೆ ತೋರುವದಿಲ್ಲ. ಸುರಪುರ ಸೀಮೆಯ ತಿಂಥಣಿಯು ಕೃಷ್ಣಾನದಿಯ ದಡದಲ್ಲಿದೆ. ಅಲ್ಲಿ ಹಿಂದುಗಳೂ ಮುಸಲ್ಮಾನರೂ ಕೂಡಿ ಗೌರವಿಸುವ ಮೌನೇಶ್ವರರು ವಿಶ್ವಕರ್ಮ ಕುಲದವರು. ಆದಕಾರಣ ಬಡಿಗತನವೂ ಕಮ್ಮಾರಿಕೆಯೂ ಮಾನವುಳ್ಳ ಕೆಲಸಗಳೆಂದು ಆ ಕಡೆಯವರಿಗೆ ಹೇಳಬೇಕಾದದ್ದಿಲ್ಲ. ಆದರೆ ಇಂಥ ಕಸುಬು ಇಂಥ ಕುಲದವರದೇ, ಬೇರೊಬ್ಬನು ಉಳಿಯನ್ನು ಮುಟ್ಟಬಾರದು ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬಹುಕಾಲ ನಡೆಯಿತು. ನಮ್ಮ ಸಭೆಗಳ ಹಿರಿಯರಲ್ಲಿ ಅನೇಕರು ಆ ಮಾತಿನ ಭಾರವನ್ನು ಹೊತ್ತವರೇ. ಕರ್ತನಾದ ಯೇಸು ತಾನೇ ಬಡಗಿಯಾಗಿದ್ದನು. ಹೀಗಿರಲಾಗಿ ವಿಶ್ವಾಸಿಯು ಯಾವ ಹತಾರವನ್ನೂ ಮುಟ್ಟಲು ಅಂಜತಕ್ಕದ್ದಲ್ಲ.

ಆದಾಗ್ಯೂ ಮುಟ್ಟುವ ಹಕ್ಕು ಬೇರೆ, ಬಿಚ್ಚುವ ತಿಳುವಳಿಕೆ ಬೇರೆ. ಕಡಾಣಿಯನ್ನು ಕಿತ್ತು ಗಾಲಿಯನ್ನು ಅಚ್ಚಿನಿಂದ ಎಳೆಯುವದನ್ನು ಹುಡುಗನೂ ಮಾಡಬಲ್ಲನು. ಗಾಲಿಯನ್ನೇ ಬಿಚ್ಚುವ ಸಂಗತಿ ಹಾಗಲ್ಲ. ಬಡಿಗನು ಗುಂಬಕ್ಕೆ ಅರೆಕಾಲುಗಳನ್ನು ಹೊಡೆದು, ಅವುಗಳ ತುದಿಗೆ ಬಾಗಿದ ಮರದ ತುಂಡುಗಳನ್ನು ಸೇರಿಸಿದ ಮೇಲೆ, ಗಾಲಿಗಿಂತ ತುಸು ಸಣ್ಣದಾದ ಕಬ್ಬಿಣದ ಹಳಿಯನ್ನು ಬೆಂಕಿಯಲ್ಲಿ ಕಾಯಿಸುತ್ತಾರೆ. ಕಾಯ್ದ ಕಬ್ಬಿಣವು ಹಿಗ್ಗಿ ಗಾಲಿಯ ಮೇಲೆ ಕೂಡುತ್ತದೆ. ಕೂಡಲೇ ನೀರು ಹೊಯ್ಯಲು ಅದು ಕುಗ್ಗಿ ಎಲ್ಲಾ ಕೀಲುಗಳನ್ನು ಒಳಕ್ಕೆ ಬಿಗಿಯುತ್ತದೆ. ಗಾಲಿಯನ್ನು ಹಿಡಿದಿರುವದು ಮುಖ್ಯವಾಗಿ ಈ ಬಿಗಿತವೇ. ಇದನ್ನರಿಯದವನು ಹಳಿಯನ್ನು ಹೊಡೆದು ತೆಗೆದರೆ ಒಂದು ತಾಸಿನೊಳಗೆ ಅವನ ಮುಂದೆ ಸೌದೆಯ ರಾಶಿಯೇ ಬಿದ್ದಿರುವದು. ಕೈಯಿಂದ ಕೊರೆದ ಕೀಲುಗಳು ಒಂದರಂತೆ ಒಂದಿರುವದಿಲ್ಲ. ಈ ಅರೆಕಾಲು ಆ ತೂತಿಗೆ ಸೇರದು.

ಅರಣ್ಯಕಾಂಡದ 4ನೆಯ ಅಧ್ಯಾಯವನ್ನು ನಾವು ಹೆಸರುಗಳ ಪಟ್ಟಿಯೆಂದು ದಾಟಿಹೋಗುವದುಂಟು. ಅಲ್ಲಿ ಗುಡಾರದ ಹಲಗೆ, ಅಗುಳಿ, ಕಂಬ, ಗೂಟ, ಹಗ್ಗಗಳನ್ನು ಮೆರಾರೀಯರಿಗೆ ಒಪ್ಪಿಸುವಾಗ ಒಂದೊಂದನ್ನು ಹೆಸರು ಹಿಡಿದು ಒಪ್ಪಿಸತಕ್ಕದ್ದೆಂದು ಅಪ್ಪಣೆಯಾಯಿತು. 7ನೆಯ ಅಧ್ಯಾಯದಲ್ಲಿ ಅವರಿಗೆ 4 ಬಂಡಿಗಳೂ 8 ಎತ್ತುಗಳೂ ದೊರಕಿದವು. ಬಿಚ್ಚಿದ್ದನ್ನು ಮುಂದಿನ ಪಾಳೆಯದಲ್ಲಿ ಪುನಃ ನಿಲ್ಲಿಸಬೇಕಾಗಿತ್ತಷ್ಟೇ. ಆದದರಿಂದ ಬಿಚ್ಚುವವನು ಮೊದಲು ಒಂದೊಂದು ಕೀಲಿನ ಎರಡು ಕಡೆಗೂ ಒಂದೇ ಗುರುತನ್ನು ಕೆತ್ತಲಿ.

ಹಳೆಯದೆಂಬ ಮಾತ್ರಕ್ಕೆ ಎಲ್ಲವನ್ನೂ ಉಳಿಸಬೇಕೆಂದು ನಾವು ಹೇಳುವದಿಲ್ಲ. ಫಿಲಿಷ್ಟಿಯರು ಮಂಜೂಷವನ್ನಿಟ್ಟು ಕಳುಹಿಸಿದ ಬಂಡಿಯು ಹೊಸದೇ ಆಗಿತ್ತು. ಅದನ್ನು ಸೀಳಿ ಹೋಮದ ಕಟ್ಟಿಗೆಮಾಡಿದರು. ಹುಳು ತಿಂದ ಮರವನ್ನು ತೆಗೆದು ಜಾಲಿಯ ಮರವನ್ನು ಹಾಕಿದರೆ ಅದು ತಂದೆಯ ಬಂಡಿಯೋ ಎಂದು ಕೆಲವರು ಕೇಳುತ್ತಾರೆ. ತಂದೆಯೂ ಅರೆಕಾಲು ಮುರಿದಾಗ ಬದಲಿಸಿಯೇ ಹೊಲಕ್ಕೆ ಹೊಡೆದನಲ್ಲವೇ? ಹೊಸತನ್ನು ಹೊಸತೆಂದು ಹೇಳುವ ತನಕ ಅದರಲ್ಲಿ ಸುಳ್ಳಿಲ್ಲ. ಈಗ ಪಟ್ಟಣದವರು ಅಲಂಕಾರಕ್ಕಾಗಿ ಹಳೆಯ ಗಾಲಿಗಳನ್ನು ಕೊಳ್ಳುತ್ತಾರೆ. ಹೊಸ ಮರಕ್ಕೆ ಕೀಲೆಣ್ಣೆಯ ಮಸಿ ಬಳಿದು ಹಳೆಯದೆಂದು ಮಾರುವವನು ಕಳ್ಳನೇ.

ಟ್ರ್ಯಾಕ್ಟರುಗಳೂ ರಬ್ಬರಿನ ಗಾಲಿಗಳೂ ಬಂದ ಮೇಲೆ ಬಡಿಗನ ಕೆಲಸವು ಬಹಳ ಕಡಿಮೆಯಾಯಿತು. ಊರಲ್ಲಿ ಹಳಿ ಕಟ್ಟಬಲ್ಲ ವೃದ್ಧನು ಇನ್ನೂ ಇದ್ದರೆ, ಉಳಿಯನ್ನೆತ್ತುವ ಮೊದಲು ಅವನ ಮನೆಗೆ ಹೋಗಿ, ದಿನದ ಕೂಲಿಯನ್ನು ಮುಂದಾಗಿಯೇ ಕೊಟ್ಟು, ಬಂಡಿಯ ಹತ್ತಿರಕ್ಕೆ ಕರೆದುಕೊಂಡು ಬರತಕ್ಕದ್ದು.