ಯಾವ ದಿನದ ಕಾರು ಅಸಲಿ?

ಹಳೆಯ ಕಾರುಗಳ ಹುಚ್ಚಿರುವವರಲ್ಲಿ ಎರಡು ಪಂಗಡಗಳಿವೆ. ಮೊದಲ ಪಂಗಡದವರಿಗೆ ಕಾರು ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಇರಬೇಕು. ಒಂದು ಪ್ರೀಮಿಯರ್ ಪದ್ಮಿನಿಯ ಬಾಗಿಲ ಹಿಡಿಕೆಗಾಗಿ ಅವರು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಯನ್ನೂ ತಿಂಗಳುಗಟ್ಟಲೆ ಜಾಲಾಡುತ್ತಾರೆ. ಸಿಕ್ಕ ಹಿಡಿಕೆ ಬೇರೆ ವರ್ಷದ ಮಾಡೆಲಿನದೆಂದು ಗೊತ್ತಾದರೆ ಮತ್ತೆ ಹುಡುಕಲು ಹೊರಡುತ್ತಾರೆ. ಎರಡನೆಯ ಪಂಗಡದವರಿಗೆ ಅದೇ ಪದ್ಮಿನಿ ಬರಿಯ ಕಚ್ಚಾ ಸಾಮಗ್ರಿ. ಅಲಾಯ್ ವೀಲು, ಅಗಲ ಟೈರು, ತಗ್ಗಿಸಿದ ಸಸ್ಪೆನ್ಷನ್, ಬೇರೆ ಕಾರಿನ ಎಂಜಿನ್, ಯಾವ ಕಂಪನಿಯೂ ಕೊಡದ ಬಣ್ಣ. ಮೊದಲಿನವರು ಇವರನ್ನು ಕಾರು ಕೆಡಿಸುವವರು ಎನ್ನುತ್ತಾರೆ. ಇವರು ಮೊದಲಿನವರನ್ನು ಹೆಣಕ್ಕೆ ಸಿಂಗಾರ ಮಾಡುವವರು ಎನ್ನುತ್ತಾರೆ.

ನಾನು ಹಳೆಯ ಹಸ್ತಪ್ರತಿಗಳ ಪಾಠಾಂತರಗಳ ಮೇಲೆ ಸಂಶೋಧನೆ ಮಾಡುತ್ತಿರುವವನು. ನನ್ನ ಬಳಿ ಕಾರಿಲ್ಲ. ಹಾಸ್ಟೆಲಿನ ಗೆಳೆಯನೊಬ್ಬನ ಜೊತೆ ಭಾನುವಾರಗಳಂದು ಗ್ಯಾರೇಜಿಗೆ ಹೋಗಿ ಕೂರುವ ರೂಢಿಯಾದ ಮೇಲೆ ಈ ಜಗಳಗಳನ್ನು ಕೇಳಿಸಿಕೊಳ್ಳತೊಡಗಿದೆ. ಕೇಳುತ್ತ ಹೋದಂತೆ ಇವೆಲ್ಲ ಪರಿಚಿತ ಮಾತುಗಳೆನಿಸಿತು. ಮೂಲ ಯಾವುದು? ಆಮೇಲೆ ಸೇರಿದ್ದು ದೋಷವೋ, ಇತಿಹಾಸವೋ? ತಿದ್ದುವ ಹಕ್ಕು ಯಾರಿಗಿದೆ? ಗ್ರಂಥ ಸಂಪಾದನೆಯ ತರಗತಿಯಲ್ಲಿ ತಾಳೆಗರಿಯ ಬಗ್ಗೆ ಕೇಳುವ ಪ್ರಶ್ನೆಗಳನ್ನೇ ಅಲ್ಲಿ ಗ್ರೀಸ್ ಮೆತ್ತಿದ ಕೈಗಳು ಕಾರ್ಬುರೇಟರಿನ ಬಗ್ಗೆ ಕೇಳುತ್ತಿದ್ದವು.

ಸುಲಭದ ಭಾಗವನ್ನು ಮೊದಲು ಮುಗಿಸಿಬಿಡೋಣ. ಊರನ್ನೆಲ್ಲ ಎಬ್ಬಿಸುವ ಸೈಲೆನ್ಸರ್, ಎದುರಿನವನ ಕಣ್ಣು ಕುಕ್ಕುವ ದೀಪ, ಬ್ರೇಕಿಗೆ ನಿಲುಕದಷ್ಟು ಬಲದ ಎಂಜಿನ್, ಇವು ಅಭಿರುಚಿಯ ಪ್ರಶ್ನೆಗಳಲ್ಲ. ರಸ್ತೆ ಎಲ್ಲರದು. ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಆ ತೀರ್ಪಿನ ಹಿಂದಿರುವ ಸುರಕ್ಷತೆಯ ಕಾಳಜಿಯ ಬಗ್ಗೆ ನನಗೆ ತಕರಾರಿಲ್ಲ. ಕಷ್ಟದ ಪ್ರಶ್ನೆ ಬೇರೆ. ಯಾರಿಗೂ ಅಪಾಯವಿಲ್ಲ, ಕಾರು ನನ್ನದು, ಹಣ ನನ್ನದು ಎಂದುಕೊಳ್ಳಿ. ಆಗಲೂ ಆ ಕಾರಿಗೆ ನಾನು ಏನಾದರೂ ಸಲ್ಲಿಸಬೇಕಾಗಿದೆಯೇ? ವಸ್ತುವಿನ ಋಣ ಎಂಬುದೊಂದು ಇದೆಯೇ?

ಇದೆ ಎನ್ನುತ್ತಾರೆ ಜೀರ್ಣೋದ್ಧಾರದ ಪಕ್ಷದವರು. ಅವರ ವಾದ ಹಗುರವಾದುದಲ್ಲ. ಹಳೆಯ ಕಾರು ಒಂದು ದಾಖಲೆ. ಆ ಕಾಲದ ಉಕ್ಕು, ಬಣ್ಣ, ಹೊಲಿಗೆ, ಆ ಕಾಲದ ಕೆಲಸಗಾರರ ಕೈಚಳಕ ಎಲ್ಲ ಅದರಲ್ಲಿದೆ. ಒಮ್ಮೆ ಕೆರೆದು ತೆಗೆದ ಬಣ್ಣ ಮತ್ತೆ ಬರುವುದಿಲ್ಲ. ಹಾಗಾಗಿ ಇಂದಿನ ಮಾಲೀಕ ನಿಜವಾಗಿ ಮಾಲೀಕನಲ್ಲ, ಕಾಯುವವನು. ಅವನ ನಂತರ ಬರುವವರಿಗೂ ಅದರಲ್ಲಿ ಪಾಲಿದೆ.

ಈ ವಾದಕ್ಕೆ ಎದುರಾಗುವ ಮೊದಲ ತೊಡಕು ಎರಡು ಸಾವಿರ ವರ್ಷಗಳಷ್ಟು ಹಳೆಯದು. ಅದೂ ಒಂದು ವಾಹನದ ವಿಷಯವೇ. ಮಿಲಿಂದಪನ್ಹ ಎಂಬ ಪಾಲಿ ಗ್ರಂಥದಲ್ಲಿ ಭಿಕ್ಷು ನಾಗಸೇನ, ರಥವೇರಿ ಬಂದ ರಾಜ ಮಿಲಿಂದನನ್ನು ಕೇಳುತ್ತಾನೆ: ರಥವೆಂದರೆ ಅಚ್ಚೇ? ಗಾಲಿಯೇ? ನೊಗವೇ? ಯಾವುದೂ ಅಲ್ಲ. ಹಾಗಾದರೆ ಇವೆಲ್ಲವನ್ನು ಬಿಟ್ಟು ಬೇರೆ ರಥವಿದೆಯೇ? ಅದೂ ಇಲ್ಲ. ಭಾಗಗಳು ಕೂಡಿದಾಗ ನಾವು ಇಟ್ಟುಕೊಂಡ ಹೆಸರು ರಥ. ನಾಗಸೇನನಿಗೆ ಬೇಕಿದ್ದದ್ದು ಮನುಷ್ಯನೊಳಗೆ ಬದಲಾಗದ 'ನಾನು' ಇಲ್ಲವೆಂದು ತೋರಿಸುವುದು. ರಥ ಬರಿಯ ಉದಾಹರಣೆ. ಆದರೆ ಹಳೆಯ ಕಾರಿನ ಬೆಲೆ ಕಟ್ಟುವವರಿಗೆ ಇದೇ ಪ್ರಶ್ನೆ ಕೋಟಿಗಟ್ಟಲೆ ಹಣದ ಪ್ರಶ್ನೆಯಾಗುತ್ತದೆ.

ಆಗಿಯೂ ಇದೆ. 1929 ಮತ್ತು 1930ರ ಲೆ ಮಾನ್ 24 ಗಂಟೆಗಳ ಓಟವನ್ನು ಗೆದ್ದ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರೊಂದಿದೆ, 'ಓಲ್ಡ್ ನಂಬರ್ ಒನ್' ಎಂದು ಹೆಸರು. ಓಟಗಳ ನಡುವೆ ಅದರ ಭಾಗಗಳು ಬದಲಾದವು. 1932ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ಅಪಘಾತವಾಗಿ ಚಾಲಕ ಸತ್ತ. ಕಾರನ್ನು ಮತ್ತೆ ಕಟ್ಟಿದರು. ದಶಕಗಳ ನಂತರ ಒಂದು ಕೋಟಿ ಪೌಂಡಿಗೆ ಮಾರಾಟದ ಒಪ್ಪಂದವಾಯಿತು. ಇದು ಆ ಕಾರೇ ಅಲ್ಲ, ಓಟ ಗೆದ್ದಾಗಿನ ಭಾಗಗಳು ಇದರಲ್ಲಿ ಎಲ್ಲಿವೆ ಎಂದು ಕೊಳ್ಳುವವರು ತಗಾದೆ ತೆಗೆದರು. 1990ರಲ್ಲಿ ಲಂಡನ್ನಿನ ಹೈಕೋರ್ಟ್ ಇದು ಆ ಕಾರೇ ಹೌದು ಎಂದಿತು. ಮೂಲದ ಭಾಗಗಳು ಉಳಿದದ್ದು ಅತ್ಯಲ್ಪ, ನಿಜ. ಆದರೆ ಆ ಕಾರು ಯಾವ ಹಂತದಲ್ಲೂ ಇಲ್ಲವಾಗಿ ಅದರ ಜಾಗದಲ್ಲಿ ಇನ್ನೊಂದು ಹುಟ್ಟಲಿಲ್ಲ. ಅದರ ಕಥೆ ಎಲ್ಲೂ ಕಡಿಯಲಿಲ್ಲ. ನಾಗಸೇನನಿಗೆ ಈ ತೀರ್ಪು ಒಪ್ಪಿಗೆಯಾಗುತ್ತಿತ್ತು ಎಂದು ನನ್ನ ಊಹೆ.

ವಸ್ತುವಿನ ಗುರುತು ಅದರ ಭಾಗಗಳಲ್ಲಿಲ್ಲ, ಕಡಿಯದ ಕಥೆಯಲ್ಲಿದೆ ಎಂದು ಒಪ್ಪಿದರೆ ಜೀರ್ಣೋದ್ಧಾರದವರಿಗೆ ಇನ್ನೂ ದೊಡ್ಡ ತೊಡಕು ಎದುರಾಗುತ್ತದೆ. ಆ ಕಥೆಯಲ್ಲಿ ಯಾವ ದಿನಕ್ಕೆ ಹಿಂತಿರುಗಬೇಕು? ಕಾರ್ಖಾನೆಯ ಬಾಗಿಲಿನ ದಿನಕ್ಕೇ ಏಕೆ? 2024ರಲ್ಲಿ ಅಮೆರಿಕದ ಪೆಬ್ಬಲ್ ಬೀಚ್ ಪ್ರದರ್ಶನದ ಅತ್ಯುನ್ನತ ಪ್ರಶಸ್ತಿ 1934ರ ಬುಗಾಟಿ ಟೈಪ್ 59 ಕಾರಿಗೆ ಸಿಕ್ಕಿತು. ಜೀರ್ಣೋದ್ಧಾರ ಮಾಡದೆ ಇದ್ದಂತೆಯೇ ಉಳಿಸಿದ ಕಾರೊಂದಕ್ಕೆ ಅಲ್ಲಿ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಸ್ವಾರಸ್ಯವೇನೆಂದರೆ ಆ ಕಾರು ತನ್ನ ಮೂಲರೂಪದಲ್ಲೂ ಇರಲಿಲ್ಲ. ಓಟದ ಕಾರಾಗಿ ಹುಟ್ಟಿದ ಅದನ್ನು ಆಮೇಲೆ ಸ್ಪೋರ್ಟ್ಸ್ ಕಾರಾಗಿ ಮಾರ್ಪಡಿಸಿದ್ದರು. ಕೊಂಡ ಬೆಲ್ಜಿಯಂ ದೊರೆ ಮೂರನೆಯ ಲಿಯೊಪೋಲ್ಡ್ ತನಗೆ ಹಿಡಿಸಿದಂತೆ ಕಪ್ಪು ಬಣ್ಣ ಬಳಿಸಿ ಹಳದಿ ಪಟ್ಟೆ ಎಳೆಸಿದ. ಇಂದು ಆ ಮಾಸಿದ ಕಪ್ಪನ್ನು ಕೆರೆದು ಬುಗಾಟಿಯ ನೀಲಿ ಹಚ್ಚುತ್ತೇನೆ ಎಂದು ಯಾರಾದರೂ ಹೊರಟರೆ ಸಂಪ್ರದಾಯಸ್ಥರೇ ಅಡ್ಡ ನಿಲ್ಲುತ್ತಾರೆ. ಒಬ್ಬ ಮಾಲೀಕನ ಶೋಕಿ ಕಾಲಕ್ರಮದಲ್ಲಿ ಕಾಪಾಡಬೇಕಾದ ದಾಖಲೆಯಾಗಿದೆ.

ನಮ್ಮಲ್ಲೇ ಇರುವ ಉದಾಹರಣೆ ಇನ್ನೂ ಹತ್ತಿರದ್ದು. ಹಂಪಿಯ ಕಲ್ಲಿನ ರಥ ಎಂದಾಗ ಕಣ್ಣಿಗೆ ಬರುವುದು 50 ರೂಪಾಯಿ ನೋಟಿನ ಚಿತ್ರ: ಮುಂದೆ ಆನೆಗಳು, ಮೇಲೆ ಬೋಳು ಚಾವಣಿ. ಆದರೆ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಆನೆಗಳ ಹಿಂದೆ ಬಗ್ಗಿ ನೋಡಿದರೆ ಮೊದಲಿದ್ದ ಕುದುರೆಗಳ ಕಾಲಿನ ಗುರುತು ಕಾಣುತ್ತದೆ. ನಾಡಿನ ಹೆಮ್ಮೆಯಾಗಿ ನೋಟಿನ ಮೇಲೆ ಕೂತಿರುವುದು ಮಾರ್ಪಾಟಾದ ವಾಹನ. ಆನೆಗಳನ್ನು ಸರಿಸಿ, ಶಿಖರ ಕಟ್ಟಿ, ಅದನ್ನು ಕಟ್ಟಿಸಿದ ದಿನಕ್ಕೆ ಮರಳಿಸೋಣ ಎಂದು ಯಾರಾದರೂ ಹೊರಟರೆ ನಾವು ಒಪ್ಪುತ್ತೇವೆಯೇ?

ಇಷ್ಟರವರೆಗೆ ವಾದ ದೊರೆಗಳ, ಕೋಟ್ಯಧೀಶರ ಕಾರುಗಳ ಸುತ್ತ ಸುತ್ತಿತು. ನಿಜವಾಗಿ ನನ್ನನ್ನು ಕಾಡುವುದು ಸಾಮಾನ್ಯರ ಕಾರು. 1959ರ ಕ್ರಾಂತಿಯ ನಂತರ ಅಮೆರಿಕದ ನಿರ್ಬಂಧದಿಂದ ಕ್ಯೂಬಾಕ್ಕೆ ಬಿಡಿಭಾಗಗಳು ಬರುವುದು ನಿಂತಿತು. ಅಲ್ಲಿನ ಅಮೆರಿಕನ್ ಕಾರುಗಳು ಸೋವಿಯತ್ ಎಂಜಿನ್ ಹಾಕಿಸಿಕೊಂಡು, ಮನೆಯಲ್ಲಿ ಕಡೆದ ಭಾಗಗಳಿಂದ ಜೀವ ಹಿಡಿದುಕೊಂಡವು. ನಮ್ಮಲ್ಲೂ ಪೆಟ್ರೋಲ್ ದುಬಾರಿಯಾದಾಗ ಎಷ್ಟೋ ಅಂಬಾಸಿಡರ್‌ಗಳು, ಜೀಪುಗಳು ಮ್ಯಾಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಹೊತ್ತು ಬಾಡಿಗೆಗೆ ಓಡಿದವು. ಅಷ್ಟಕ್ಕೂ ಅಂಬಾಸಿಡರ್ ಎಂಬುದೇ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ನಮ್ಮ ಅವತಾರ. ಪದ್ಮಿನಿ ಇಟಲಿಯ ಫಿಯಟ್ 1100ರದು. ಎಂಜಿನ್ ಬದಲಿಸಿಕೊಂಡ ಇಂಥ ಅಂಬಾಸಿಡರ್ ಒಂದನ್ನು ನೋಡುತ್ತ ಅದರ ಒರಿಜಿನಲ್ ಎಂಜಿನ್ ಏನಾಯಿತು ಎಂದು ಗೆಳೆಯ ಕೇಳಿದಾಗ ಗ್ಯಾರೇಜಿನ ಮೇಸ್ತ್ರಿ ತಲೆ ಎತ್ತದೆ ಹೇಳಿದರು: "ಓಡೋ ಗಾಡೀಲಿ ಒರಿಜಿನಲ್ ಎಲ್ಲಿಂದ ತರೋಣ ಸಾರ್? ಒರಿಜಿನಲ್ ಬೇಕಂದ್ರೆ ನಿಲ್ಲಿಸಿಡ್ಬೇಕು. ನಿಲ್ಲಿಸಿದ್ರೆ ಇವರ ಮನೆ ನಡೀಬೇಕಲ್ಲ."

ಈ ಮಾತನ್ನು ನಮ್ಮ ಕಾನೂನಿನ ಪಕ್ಕದಲ್ಲಿಟ್ಟು ನೋಡಿ. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ನಿಂತು ನವೀಕರಿಸಿಕೊಳ್ಳಬೇಕು. ಇನ್ನೊಂದು ಕಡೆ, 2021ರ ವಿಂಟೇಜ್ ನಿಯಮಗಳ ಪ್ರಕಾರ 50 ವರ್ಷ ದಾಟಿದ ವಾಹನಕ್ಕೆ 'ವಿಎ' ಎಂಬ ಗೌರವದ ನಂಬರ್ ಪ್ಲೇಟು ಸಿಗುತ್ತದೆ. ಷರತ್ತು: ಅದು ಮೂಲರೂಪದಲ್ಲಿರಬೇಕು, ಚಾಸಿಸ್, ಬಾಡಿ, ಎಂಜಿನ್ ಮಾರ್ಪಾಟಾಗಿರಬಾರದು. ದಿನನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತೆಯೂ ಇಲ್ಲ. 15ಕ್ಕೂ 50ಕ್ಕೂ ನಡುವೆ 35 ವರ್ಷಗಳಿವೆ. ಅಷ್ಟು ಕಾಲ ಮೂಲರೂಪದಲ್ಲೇ ಕಾರು ಉಳಿಸಿಕೊಳ್ಳುವವರು ಯಾರು? ಶೆಡ್ಡಿನಲ್ಲಿ ನಿಲ್ಲಿಸಿಡಬಲ್ಲವರು. ದುಡಿದ ಕಾರು ಆ 35 ವರ್ಷ ಬದುಕಿದ್ದೇ ತೇಪೆಗಳಿಂದ. ಆ ತೇಪೆಗಳನ್ನೇ ಅನರ್ಹತೆ ಎಂದರೆ ಉಳಿಯುವ ಇತಿಹಾಸ ಉಳ್ಳವರ ಶೆಡ್ಡಿನ ಇತಿಹಾಸ ಮಾತ್ರ. ಟ್ಯಾಕ್ಸಿ ಚಾಲಕನ, ಸಾಲ ಮಾಡಿ ಎರಡನೆಯ ಕೈಯ ಕಾರು ಕೊಂಡ ಮೇಷ್ಟರ ಭಾರತ ಅದರಲ್ಲಿ ಸಿಗುವುದಿಲ್ಲ.

ಹಾಗಾದರೆ ಮಾರ್ಪಾಟೆಲ್ಲವೂ ಇತಿಹಾಸವೇ? ನಾಳೆ ನಾನು ಒಂದು ಅಪರೂಪದ ಕಾರಿನ ಚಾವಣಿ ಕತ್ತರಿಸಿ, ಐವತ್ತು ವರ್ಷ ಕಾಯಿರಿ, ಇದೂ ದಾಖಲೆಯಾಗುತ್ತದೆ ಎನ್ನಬಹುದೇ? ಇದು ಮಾರ್ಪಾಟಿನ ಪಕ್ಷದವರು ಎದುರಿಸಲೇಬೇಕಾದ ಪ್ರಶ್ನೆ. ಇಲ್ಲಿ ನನಗೆ ನೆರವಾಗುವುದು ನನ್ನ ಓದಿನ ವಿಷಯವೇ. ಶೂನ್ಯಸಂಪಾದನೆ ಒಬ್ಬರದಲ್ಲ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಕಲಿಸಿದ್ದನ್ನು ಆಮೇಲಿನ ಮೂವರು ಮತ್ತೆ ಮತ್ತೆ ಹೊಸದಾಗಿ ಕಟ್ಟಿದರು. ನಾಲ್ಕನ್ನೂ ಇಂದು ಓದುತ್ತೇವೆ. ಇದು ಸಾಧ್ಯವಾದದ್ದು ಹೊಸದನ್ನು ಬರೆಯಲು ಹಳೆಯ ಓಲೆಯನ್ನು ಕೆರೆಯಬೇಕಿರಲಿಲ್ಲವಾದ್ದರಿಂದ. ಕಾರಿಗೆ ಈ ಭಾಗ್ಯವಿಲ್ಲ. ಅದರ ಹೊಸ ಪಾಠವನ್ನು ಹಳೆಯ ಪಾಠದ ಮೈಮೇಲೆಯೇ ಬರೆಯಬೇಕು. ಹಾಗಾಗಿ ಎಷ್ಟು ಪ್ರತಿಗಳಿವೆ ಎಂಬ ಲೆಕ್ಕ ನೀತಿಯ ಲೆಕ್ಕವೂ ಆಗುತ್ತದೆ. ಲಕ್ಷಗಟ್ಟಲೆ ತಯಾರಾದ ಮಾರುತಿ 800ರಲ್ಲಿ ಒಂದಕ್ಕೆ ಯಾರೋ ತನಗೆ ಬೇಕಾದ ಬಣ್ಣ ಹಚ್ಚಿದರೆ ಲೋಕ ಕಳೆದುಕೊಳ್ಳುವುದೇನಿಲ್ಲ. ಕೊನೆಯದಾಗಿ ಉಳಿದ ಪ್ರತಿಯನ್ನು ಮುಟ್ಟುವ ಕೈ ಮಾತ್ರ ಹಿಂಜರಿಯಬೇಕು. ತೊಂದರೆಯೆಂದರೆ, ಎಲ್ಲೆಲ್ಲೂ ಕಾಣುವ ವಸ್ತು ಯಾವಾಗ ಅಪರೂಪವಾಯಿತೆಂಬುದು ಅದು ಹೋದ ಮೇಲೆಯೇ ಗೊತ್ತಾಗುತ್ತದೆ. ಮುಂಬೈಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಮರೆಯಾದಾಗಲೇ ಒಂದನ್ನಾದರೂ ಮ್ಯೂಸಿಯಮ್ಮಿನಲ್ಲಿಡಿ ಎಂಬ ಕೂಗೆದ್ದದ್ದು.

ತನ್ನ ಬದಲಾವಣೆಯನ್ನು ಮುಂದಿನವರು ಶೋಕಿ ಎನ್ನುತ್ತಾರೋ, ದಾಖಲೆ ಎನ್ನುತ್ತಾರೋ ಎಂಬುದು ಮಾಡುವವನಿಗೆ ಗೊತ್ತಿರಲು ಸಾಧ್ಯವಿಲ್ಲ. ದೊರೆ ಲಿಯೊಪೋಲ್ಡನಿಗೂ ಗೊತ್ತಿರಲಿಲ್ಲ. ಗೊತ್ತಿರಲಾರದ್ದನ್ನು ಕರ್ತವ್ಯವೆಂದು ಹೇರಲಾಗುವುದಿಲ್ಲ. ಆದರೆ ಅವನ ಕೈಯಲ್ಲಿರುವ ಒಂದು ಕೆಲಸವಿದೆ: ಏನು ತೆಗೆದೆ, ಏನು ಹಾಕಿದೆ, ಯಾಕೆ ಎಂಬುದನ್ನು ಮುಚ್ಚಿಡದಿರುವುದು. ತೆಗೆದ ಭಾಗವನ್ನು ಗುಜರಿಗೆ ಹಾಕದೆ ಎತ್ತಿಡುವುದು. ಒಳ್ಳೆಯ ಸಂಪಾದಕ ತಿದ್ದುತ್ತಾನೆ, ಆದರೆ ಪ್ರತಿಯಲ್ಲಿದ್ದ ಪಾಠವನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾನೆ. ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾದ ಟ್ಯೂರಿನ್ ಸನ್ನದು ಕೂಡ ಹೊಸದಾಗಿ ಹಾಕಿದ ಭಾಗಗಳಿಗೆ ಹಳೆಯವುಗಳಿಂದ ಬೇರೆಯೆಂದು ತಿಳಿಯುವ ಶಾಶ್ವತ ಗುರುತು ಇರಬೇಕೆನ್ನುತ್ತದೆ.

ಈ ಅಳತೆಗೋಲು ಹಿಡಿದರೆ ಎರಡು ಪಂಗಡಗಳ ನಡುವಿನ ಗೆರೆ ಜಾಗ ಬದಲಿಸುತ್ತದೆ. ಹಳೆಯ ಚಾಸಿಸ್ ನಂಬರಿನ ಸುತ್ತ ಹೊಸ ತಗಡು ಕಟ್ಟಿ, ಕಾರ್ಖಾನೆಯೂ ಕೊಡದಷ್ಟು ಹೊಳಪು ತಂದು, ಇದು ಅಪ್ಪಟ ಒರಿಜಿನಲ್ ಎಂದು ಮಾರುವವನಿಗಿಂತ, ಹಳೆಯ ಅಂಬಾಸಿಡರಿಗೆ ಡೀಸೆಲ್ ಎಂಜಿನ್ ಕೂರಿಸಿ ಹಾಗೆಂದೇ ಹೇಳುವವನು ಕಾರಿನ ಇತಿಹಾಸಕ್ಕೆ ಹೆಚ್ಚು ನಿಷ್ಠ. ಇಬ್ಬರೂ ಬದಲಿಸಿದವರೇ. ಮೊದಲನೆಯವನು ತನ್ನ ಕೈಯ ಗುರುತನ್ನು ಒರೆಸಿದ, ಅದರ ಜೊತೆಗೆ ತನಗಿಂತ ಮೊದಲು ಆ ಕಾರನ್ನು ಮುಟ್ಟಿದವರ ಗುರುತನ್ನೂ ಒರೆಸಿದ.

ಹಾಗೆ ಒರೆಸಿಹೋದವರಲ್ಲಿ ಮೇಸ್ತ್ರಿಗಳೇ ಹೆಚ್ಚು. ತಾಳೆಗರಿಯ ಕೊನೆಯಲ್ಲಿ ಎಷ್ಟೋ ಸಲ ಲಿಪಿಕಾರ ತನ್ನ ಹೆಸರು, ಬರೆದು ಮುಗಿಸಿದ ದಿನ ದಾಖಲಿಸಿ, ತಪ್ಪಿದ್ದರೆ ತಿದ್ದಿ ಓದಿ ಎಂದು ಕೇಳಿಕೊಂಡಿರುತ್ತಾನೆ. ವಿಂಟೇಜ್ ರ‍್ಯಾಲಿಗಳಲ್ಲಿ ನಾನು ನೋಡಿದ ಫಲಕಗಳಲ್ಲಿ ಕಂಪನಿಯ ಹೆಸರಿರುತ್ತದೆ, ವರ್ಷವಿರುತ್ತದೆ, ಮಾಲೀಕರ ಹೆಸರಿರುತ್ತದೆ. ಅದರ ಕೆಳಗೆ ಇನ್ನೆರಡು ಸಾಲಿಗೆ ಜಾಗ ಬೇಕು: ಯಾವ ವರ್ಷ ಏನು ಬದಲಾಯಿತು, ಯಾರ ಕೈಯಿಂದ. ವಿಂಟೇಜ್ ನೋಂದಣಿಯ ಅರ್ಜಿಯಲ್ಲೂ 'ಮಾರ್ಪಾಟಾಗಿಲ್ಲ' ಎಂಬ ಷರತ್ತಿನ ಬದಲು ಈ ಎರಡು ಸಾಲುಗಳನ್ನು ಕೇಳಬಹುದು. ಆಗ ಮ್ಯಾಟಡೋರ್ ಎಂಜಿನ್ನಿನ ಅಂಬಾಸಿಡರ್ ಕೂಡ ಬುಗಾಟಿಯಂತೆ ತನ್ನ ಕಥೆಯ ಸಮೇತ ಸಾಲಿನಲ್ಲಿ ನಿಲ್ಲಬಹುದು.